ಕೆಡವೋ ಮುಂಚೆ ಫೋಟೋ ತೆಗೀರಿ, ತೆಗಿಯೋರನ್ನ ತಡೀಬೇಡಿ

ಮಾನ್ಯ ಸಂಪಾದಕರೇ,

ಮೈಸೂರಲ್ಲಿ ಹೆರಿಟೇಜ್ ಅಂದ್ರೆ ಸಾಕು ಎಲ್ಲರ ಕ್ಯಾಮೆರಾನೂ ಅರಮನೆ ಕಡೆಗೇ ತಿರುಗುತ್ತೆ. ಭಾನುವಾರ ಸಂಜೆ ದೀಪ ಹತ್ತಿದಾಗ ಎಲ್ಲರೂ ಒಂದೇ ಕಡೆ ನಿಂತು ಅದೇ ಫೋಟೋ ತೆಗೀತಾರೆ, ತೆಗೀಲಿ, ತಪ್ಪೇನಿಲ್ಲ. ಆದ್ರೆ ಅಲ್ಲೇ ಪಕ್ಕದ ಅಗ್ರಹಾರ, ಲಷ್ಕರ್ ಮೊಹಲ್ಲಾ ಬೀದಿಗಳಲ್ಲಿರೋ ಹಳೇ ಮನೆಗಳನ್ನ, ಅಂಗಡಿ ಸಾಲುಗಳನ್ನ ಯಾರೂ ತೆಗಿಯಲ್ಲ, ಒಂದಿನ ಜೆಸಿಬಿ ಬರುತ್ತೆ, ಸಂಜೆಯೊಳಗೆ ಮುಗೀತು, ಆ ಮನೆ ಹೇಗಿತ್ತು ಅಂತ ತೋರಿಸೋಕೆ ಒಂದು ಚಿತ್ರನೂ ಉಳಿಯಲ್ಲ. ಹಳೇ ಕಟ್ಟಡ ಕೆಡವೋಕೆ ಪರ್ಮಿಷನ್ ಕೊಡೋ ಮುಂಚೆ ಅದರ ಪೂರ್ತಿ ಫೋಟೋ ದಾಖಲೆ ಆಗ್ಲೇಬೇಕು ಅಂತ ರೂಲ್ ತರಬೇಕು, ಇದು ನನ್ನ ಬೇಡಿಕೆ.

ಫೋಟೋದಿಂದ ಏನಾಗುತ್ತೆ ಅನ್ನೋರು ಹಂಪಿ ಕಲ್ಲಿನ ರಥ ನೋಡ್ಬೇಕು. ನಮ್ಮ 50 ರೂಪಾಯಿ ನೋಟಿನ ಹಿಂದೆ ಇರೋ ರಥದ ಮೇಲೆ ಗೋಪುರ ಇಲ್ಲ ಅಲ್ವಾ. 1856ರಲ್ಲಿ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ನಲ್ಲಿ ತೆಗೆದ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆ ಗೋಪುರ ನಿಂತಿದೆ! ನಮ್ಮ ಕೇಂದ್ರ ಪುರಾತತ್ವ ಇಲಾಖೆ ಹುಟ್ಟಿದ್ದೇ 1861ರಲ್ಲಿ, ಅದಕ್ಕೂ ಮುಂಚಿನ ಚಿತ್ರ ಅದು. ಸುಮಾರು ನೂರಿಪ್ಪತ್ತೈದು ವರ್ಷ ಆದ್ಮೇಲೆ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಬಂದು ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅದೇ ಕೋನದಿಂದ ಮತ್ತೆ ತೆಗೆದ್ರು, ಎರಡೂ ಪಕ್ಕಪಕ್ಕ ಇಟ್ರೆ ಏನು ಬಿತ್ತು, ಏನು ಉಳೀತು ಅನ್ನೋದು ಕಣ್ಣಿಗೆ ಕಾಣುತ್ತೆ.

ನಮ್ಮೂರಿಗೇ ಬನ್ನಿ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜನ ಸತ್ರು, 2016ರ ಆಗಸ್ಟ್‌ನಲ್ಲಿ ದೇವರಾಜ ಮಾರ್ಕೆಟ್‌ನ ಉತ್ತರ ಬಾಗಿಲ ಕಡೆ ಬಿತ್ತು. ಕೆಡವಬೇಕಾ ರಿಪೇರಿ ಮಾಡಬೇಕಾ ಅಂತ ವರ್ಷಗಟ್ಟಲೆ ಜಗಳ ನಡೀತು. ಯಾವ ಕಡೆ ತೀರ್ಮಾನ ಆದ್ರೂ ಮೊದಲಿನ ಫೋಟೋ ಬೇಕು, ಇದ್ದ ಹಾಗೇ ಕಟ್ತೀವಿ ಅನ್ನೋರಿಗೆ ಇದ್ದದ್ದು ಹೇಗಿತ್ತು ಅಂತ ಗೊತ್ತಾಗಬೇಕಲ್ಲ.

ಎದುರಿಗೆ ನಿಂತು ಒಂದು ಕ್ಲಿಕ್ ಮಾಡಿದ್ರೆ ಅದು ದಾಖಲೆ ಅಲ್ಲ. ಮೊಬೈಲನ್ನ ಮೇಲಕ್ಕೆ ಓರೆ ಮಾಡಿ ವೈಡ್ ಲೆನ್ಸ್‌ನಲ್ಲಿ ತೆಗೆದ್ರೆ ಗೋಡೆಗಳೆಲ್ಲ ಹಿಂದಕ್ಕೆ ವಾಲಿದಂಗೆ ಬರುತ್ತೆ, ಆದಷ್ಟು ಹಿಂದಕ್ಕೆ ಹೋಗಿ, ಸಾಧ್ಯ ಆದ್ರೆ ಎದುರು ಮನೆ ಮಹಡಿ ಹತ್ತಿ ಫೋನ್ ನೆಟ್ಟಗೆ ಹಿಡೀಬೇಕು. ಗಾರೆ ಕೆಲಸ ತೆಗಿಯೋಕೆ ಬೆಳಗ್ಗೆನೋ ಸಂಜೆನೋ ಓರೆ ಬಿಸಿಲು ಬೇಕು, ನಡು ಮಧ್ಯಾಹ್ನ ಹೋದ್ರೆ ಹೂ ಬಳ್ಳಿ ಎಲ್ಲಾ ಚಪ್ಪಟೆ. ಹಿತ್ತಲು, ಮನೆ ನಡುವಿನ ತೊಟ್ಟಿ ಅಂಗಳ, ಕಂಬದ ತಲೆ ಮೇಲಿನ ಬೋದಿಗೆ, ಕಿಟಕಿ ಮೇಲೆ ಚೂಪಾಗಿರೋ ಮರದ ಮಾಡು ಅಂದ್ರೆ ಮಂಕಿ ಟಾಪ್, ರೆಡ್ ಆಕ್ಸೈಡ್ ನೆಲ, ಮುಂಗಟ್ಟಿನ ಮೇಲೆ ಗಾರೆಯಲ್ಲಿ ಬರೆದಿರೋ ಇಸವಿ ಎಲ್ಲಾ ಬರಬೇಕು. ಹೆಂಚು ಇಳಿಸೋವಾಗ ಒಂದನ್ನ ಮಗುಚಿ ನೋಡಿ, ಎಷ್ಟೋ ಹೆಂಚಿನ ಹೊಟ್ಟೆ ಮೇಲೆ ಕಾರ್ಖಾನೆ ಹೆಸರು ಒತ್ತಿರ್ತಾರೆ, ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ 1865ರಲ್ಲಿ ಶುರು ಮಾಡಿದ ಕಾರ್ಖಾನೆದೂ ಸಿಗುತ್ತೆ, ಆ ಹೆಂಚು ಎಲ್ಲಿಂದ ಬಂತು ಅಂತ ಅದೇ ಹೇಳುತ್ತೆ, ಗುಜರಿಗೆ ಹೋದ್ಮೇಲೆ ಯಾರು ಹೇಳ್ತಾರೆ.

ಹಳೇದು ಅಂದ್ರೆ ಸುಣ್ಣದ ಗಾರೆದು ಮಾತ್ರ ಅಲ್ಲ. ದೆಹಲಿ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ವಿನ್ಯಾಸ ಮಾಡಿದ್ದ, 1972ರ ಹಾಲ್ ಆಫ್ ನೇಷನ್ಸ್ ಅಂಥಾ ಕಾಂಕ್ರೀಟ್ ಕಟ್ಟಡನ 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಉರುಳಿಸಿದ್ರು. ನಮ್ಮ ಅರವತ್ತು ಎಪ್ಪತ್ತರ ದಶಕದ ಟಾಕೀಸು, ಬ್ಯಾಂಕು, ಬಸ್ ಸ್ಟ್ಯಾಂಡು ಇವಕ್ಕೆ ಹೆರಿಟೇಜ್ ಲಿಸ್ಟಲ್ಲೂ ಜಾಗ ಇಲ್ಲ, ಯಾರ ಫೋನಲ್ಲೂ ಇಲ್ಲ.

ಇನ್ನೊಂದು ವಿಷ್ಯ, ತೆಗಿಯೋಕೆ ಹೋದ್ರೆ ಬಿಡಲ್ಲ. ಮೊನ್ನೆ ರಸ್ತೆ ಬದಿ ನಿಂತು ಒಂದು ಸರ್ಕಾರಿ ಕಛೇರಿಯ ಕಮಾನು ತೆಗೀತಿದ್ದೆ, ಸೆಕ್ಯೂರಿಟಿಯವರು ಓಡಿ ಬಂದು ಡಿಲೀಟ್ ಮಾಡಿಸಿದ್ರು, ಪಕ್ಕದಲ್ಲೇ ಇಬ್ಬರು ಹುಡುಗರು ಅದೇ ಕಮಾನಿನ ಮುಂದೆ ಮೊಬೈಲಲ್ಲಿ ರೀಲ್ಸ್ ಮಾಡ್ತಿದ್ರು, ಅವರನ್ನ ಏನೂ ಕೇಳಲಿಲ್ಲ. ಕ್ಯಾಮೆರಾ ದೊಡ್ಡದಿದ್ರೆ ಅಪರಾಧನಾ? ಕಟ್ಟಡದ ಫೋಟೋ ತೆಗೆದ್ರೆ ಕಾಪಿರೈಟ್ ಉಲ್ಲಂಘನೆ ಅಲ್ಲ ಅಂತ 1957ರ ಕಾಯ್ದೆಯಲ್ಲೇ ಇದೆ. ಕೇಂದ್ರ ಪುರಾತತ್ವ ಇಲಾಖೆಯವರೇ 2018ರಲ್ಲಿ ಅಜಂತಾ ಗುಹೆ, ಲೇಹ್ ಅರಮನೆ, ತಾಜ್ ಮಹಲ್ ಸಮಾಧಿಯ ಒಳಭಾಗ ಬಿಟ್ಟು ಬೇರೆ ಸ್ಮಾರಕಗಳಲ್ಲಿ ಫೋಟೋಗೆ ಬಿಟ್ರು. ಭದ್ರತೆ ಇರೋ ಕಡೆ ಬೋರ್ಡ್ ಹಾಕಲಿ, ಒಪ್ಕೋತೀವಿ, ಬೋರ್ಡೂ ಇಲ್ದೆ ಬಾಯ್ಮಾತಲ್ಲಿ ಗದರಿಸೋದು ಬೇಡ.

ಪಾಲಿಕೆಯವರು ಕೆಡವೋ ಅರ್ಜಿ ಜೊತೆ ನಾಲ್ಕೂ ದಿಕ್ಕಿನ, ಒಳಗಿನ, ಬಿಡಿ ಭಾಗಗಳ ಫೋಟೋಗಳನ್ನ ತಾರೀಖು, ವಿಳಾಸ ಸಮೇತ ಕೇಳಲಿ, ಅದರ ಒಂದು ಪ್ರತಿ ರಾಜ್ಯ ಪತ್ರಾಗಾರಕ್ಕೆ ಹೋಗಲಿ. ಮಾಲೀಕರ ಮೇಲೆ ಖರ್ಚು ಬೀಳಬಾರದು, ನಮ್ಮಂಥೋರು ಪುಕ್ಕಟೆ ತೆಗೆದುಕೊಡೋಕೆ ರೆಡಿ ಇದೀವಿ, ಒಂದು ವಾರ ಮುಂಚೆ ತಿಳಿಸಿದ್ರೆ ಸಾಕು.

ಇಂತಿ ನಿಮ್ಮ ಓದುಗ,
ಮೈಸೂರು