ಕಂಬ ನೆಟ್ಟು ಬೈದಾಡುವ ಹಬ್ಬ

ಪ್ರೀತಿಯ ಸೀನ,

ಅಮೆರಿಕದಲ್ಲಿ ಕ್ರಿಸ್‌ಮಸ್ ಹೇಗಿರುತ್ತದೆ ಅಂತ ಕೇಳಿದ್ದೆಯಲ್ಲ. ಚರ್ಚಿನ ಒಳಗಿನದು ನನಗೆ ಅಷ್ಟಾಗಿ ಗೊತ್ತಿಲ್ಲ ಮಾರಾಯ. ಹೊರಗೆ ಮಾತ್ರ ಅದು ಎರಡು ತಿಂಗಳ ಸಂತೆ. ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬಕ್ಕೆ ಇಟ್ಟ ಕುಂಬಳಕಾಯಿ ಬಾಗಿಲಲ್ಲಿ ಕೊಳೆಯುವ ಮೊದಲೇ ಅಂಗಡಿಗಳಲ್ಲಿ ಹಾಡು ಶುರು. ಆಫೀಸಿನಲ್ಲಿ ಸೀಕ್ರೆಟ್ ಸಾಂಟಾ ಅಂತ ಚೀಟಿ ಎತ್ತುತ್ತಾರೆ. ಯಾರ ಹೆಸರು ಬಂತೋ ಅವರಿಗೆ ಉಡುಗೊರೆ ಕೊಡಬೇಕು. ಕೊನೆಗೆ ಎಲ್ಲರೂ ಒಂದೇ ಮೊತ್ತದ ಗಿಫ್ಟ್ ಕಾರ್ಡ್ ಕೊಟ್ಟು, ಅಷ್ಟೇ ಮೊತ್ತದ್ದು ತಗೊಂಡು ಮನೆಗೆ ಹೋಗುತ್ತೇವೆ. ಲಾಭ ಕಾರ್ಡ್ ಮಾರಿದವನಿಗೆ.

ಇದನ್ನೆಲ್ಲ ನೋಡಿ ತಲೆಕೆಟ್ಟವರು ಇಲ್ಲೂ ಇದ್ದಾರೆ. ಅವರಲ್ಲಿ ಕೆಲವರು ಭಾಷಣ ಬಿಟ್ಟು ತಮಾಷೆಗೆ ಇಳಿದಿದ್ದಾರೆ. ನನಗೆ ಜಾಸ್ತಿ ಇಷ್ಟವಾದದ್ದು ಫೆಸ್ಟಿವಸ್ ಅನ್ನುವ ಹಬ್ಬ. ಡಿಸೆಂಬರ್ 23ಕ್ಕೆ. ದೇವರಿಲ್ಲ, ಉಡುಗೊರೆಯಿಲ್ಲ, ಮರವಿಲ್ಲ. ಮರದ ಜಾಗದಲ್ಲಿ ಒಂದು ಬೋಳು ಅಲ್ಯೂಮಿನಿಯಂ ಕಂಬ. ಅದಕ್ಕೆ ಒಂದು ಎಳೆ ಜರಿ ಕೂಡ ಸುತ್ತುವ ಹಾಗಿಲ್ಲ.

ಇದನ್ನು ಊರಿಗೆಲ್ಲ ಹಬ್ಬಿಸಿದ್ದು 'ಸೈನ್‌ಫೆಲ್ಡ್' ಅನ್ನುವ ಟಿವಿ ಧಾರಾವಾಹಿ. 1997ರ ಡಿಸೆಂಬರ್ 18ರ ಕಂತು. ಅದರಲ್ಲಿ ಫ್ರಾಂಕ್ ಕೊಸ್ಟಾಂಜಾ ಅಂತ ಒಬ್ಬ ಮೂಗಿನ ತುದಿಯಲ್ಲೇ ಸಿಟ್ಟಿರುವ ಅಪ್ಪ. ಹಿಂದೊಮ್ಮೆ ಮಗನಿಗೆ ಗೊಂಬೆ ತರಲು ಹೋದಾಗ ಅದಕ್ಕೆ ಇನ್ನೊಬ್ಬನೂ ಕೈ ಹಾಕಿದನಂತೆ. ಇವನು ಅವನಿಗೆ ಬಾರಿಸಿದ, ಗೊಂಬೆ ಹಾಳಾಯಿತು, ಇವನಿಗೆ ಜ್ಞಾನೋದಯವಾಯಿತು. ಅಲ್ಲಿಂದ ಅವನ ಮನೆಯಲ್ಲಿ ಫೆಸ್ಟಿವಸ್. ಊಟಕ್ಕೆ ಕೂತಾಗ ಮನೆಯವರಿಗೆಲ್ಲ, ಈ ವರ್ಷ ನೀವು ನನಗೆ ಏನೇನು ಬೇಜಾರು ಮಾಡಿದಿರಿ ಅಂತ ಮುಖಕ್ಕೆ ಹೇಳಬೇಕು. ಆಮೇಲೆ ಕುಸ್ತಿ. ಯಜಮಾನನನ್ನು ನೆಲಕ್ಕೆ ಕೆಡವುವವರೆಗೆ ಹಬ್ಬ ಮುಗಿಯುವುದಿಲ್ಲ.

ಇದು ಬರೀ ಕಥೆಯಲ್ಲ, ಗೊತ್ತಾ? ಆ ಕಂತು ಬರೆದವರಲ್ಲಿ ಡ್ಯಾನ್ ಒಕೀಫ್ ಒಬ್ಬರು. ಅವರ ಅಪ್ಪ ಡೇನಿಯಲ್ ಒಕೀಫ್ 'ರೀಡರ್ಸ್ ಡೈಜೆಸ್ಟ್' ಪತ್ರಿಕೆಯಲ್ಲಿ ಸಂಪಾದಕರಾಗಿದ್ದವರು. ಹೆಂಡತಿಯ ಜೊತೆ ಮೊದಲ ಸಲ ಹೊರಗೆ ಸುತ್ತಾಡಿದ ದಿನದ ನೆನಪಿಗೆ 1966ರಲ್ಲಿ ಈ ಹಬ್ಬ ಹುಟ್ಟುಹಾಕಿದರು. ಆ ಮನೆಯಲ್ಲಿ ಕಂಬವೂ ಇರಲಿಲ್ಲ, ನಿಗದಿಯಾದ ತಾರೀಕೂ ಇರಲಿಲ್ಲ. ಒಂದು ಗಡಿಯಾರವನ್ನು ಚೀಲಕ್ಕೆ ಹಾಕಿ ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತಿದ್ದರಂತೆ. ಯಾಕೆ ಅಂತ ಮಕ್ಕಳಿಗೆ ಕೊನೆಯವರೆಗೂ ಹೇಳಲಿಲ್ಲ. ದೂರುಗಳನ್ನು ಮಾತ್ರ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಡುತ್ತಿದ್ದರು. ಮಗನಿಗೆ ಇದೆಲ್ಲ ಮರ್ಯಾದೆ ಹೋಗುವ ವಿಷಯ, ಟಿವಿಯಲ್ಲಿ ತೋರಿಸುವುದೇ ಬೇಡ ಅಂದಿದ್ದರು. ಜೊತೆಯವರು ಬಿಡಲಿಲ್ಲ. ನನಗೆ ಕೇಳಿದರೆ ಕಂಬಕ್ಕಿಂತ ಆ ಗಡಿಯಾರವೇ ಮೇಲು. ಅರ್ಥವೇ ಇಲ್ಲದ ವಸ್ತುವನ್ನು ಯಾರು ತಾನೆ ಮಾರಲು ಬರುತ್ತಾರೆ?

ಕಂಬವನ್ನು ಮಾರಿದರು ನೋಡು. ವಿಸ್ಕಾನ್ಸಿನ್‌ನ ಮಿಲ್ವಾಕಿಯಲ್ಲಿ ಮೆಟ್ಟಿಲಿನ ರೇಲಿಂಗ್ ಮಾಡುವ ವ್ಯಾಗ್ನರ್ ಅನ್ನುವ ಕಂಪನಿ ಫೆಸ್ಟಿವಸ್ ಕಂಬವನ್ನೇ ಮಾರಾಟಕ್ಕಿಟ್ಟಿತು. 2005ರಲ್ಲಿ ಆ ರಾಜ್ಯದ ಗವರ್ನರ್ ಜಿಮ್ ಡಾಯ್ಲ್ ತಮ್ಮ ಮನೆಯಲ್ಲೇ ಒಂದನ್ನು ನಿಲ್ಲಿಸಿದರು. 2013ರಲ್ಲಿ ಫ್ಲಾರಿಡಾದ ವಿಧಾನಸೌಧದಂಥ ಕಟ್ಟಡದೊಳಗೆ ಬಿಯರ್ ಡಬ್ಬಿಗಳಿಂದ ಮಾಡಿದ ಕಂಬ ಬಂತು. ಅಲ್ಲಿ ಕ್ರಿಸ್ತ ಹುಟ್ಟಿದ ಗೋದಲಿಯ ಬೊಂಬೆಗಳನ್ನು ಇಡಲು ಬಿಟ್ಟಿದ್ದರು. ಹಾಗಾದರೆ ನಮ್ಮದನ್ನೂ ಇಡಿ ಅಂತ ಒಬ್ಬ ಪಟ್ಟು ಹಿಡಿದ. ಬೇಡ ಅನ್ನಲು ಕಾನೂನಿನಲ್ಲಿ ದಾರಿಯಿರಲಿಲ್ಲ.

ಉಳಿದ ತಮಾಷೆಗಳ ಕಥೆಯೂ ಹೀಗೇ. ಸಾಂಟಾಕಾನ್ ಅಂತ ಒಂದಿದೆ. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ರಿಸ್‌ಮಸ್ ವ್ಯಾಪಾರವನ್ನು ಅಣಕಿಸಲು ಕೆಲವರು ಸಾಂಟಾ ವೇಷ ಹಾಕಿ ಬೀದಿಗಿಳಿದರು. ಈಗ ಅದು ಬಾರಿಂದ ಬಾರಿಗೆ ಹೋಗಿ ಕುಡಿಯುವ ಮೆರವಣಿಗೆ. ಬಾರಿನವರಿಗೆ ಸುಗ್ಗಿ.

ಮಾರುಕಟ್ಟೆಗೆ ಅದರದೇ ಮದ್ದು ಕುಡಿಸಿದವರು ಅಂದರೆ 'ಕಾರ್ಡ್ಸ್ ಅಗೇನ್‌ಸ್ಟ್ ಹ್ಯುಮ್ಯಾನಿಟಿ' ಅನ್ನುವ ಪೋಲಿ ಇಸ್ಪೀಟಾಟದ ಕಂಪನಿಯವರು. ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ದಿನ ಇಡೀ ದೇಶ ರಿಯಾಯಿತಿ ಕೊಟ್ಟರೆ, 2013ರಲ್ಲಿ ಇವರು ಬೆಲೆಯನ್ನು 5 ಡಾಲರ್ ಏರಿಸಿದರು. ಮರುವರ್ಷ ಹೋರಿಯ ಸಗಣಿಯನ್ನು ಡಬ್ಬಿಯಲ್ಲಿಟ್ಟು ಮಾರಿದರು. ಸಗಣಿ ಅಂತ ಹೇಳಿಯೇ ಮಾರಿದ್ದು! 30,000 ಡಬ್ಬಿ ಖಾಲಿ. 2015ರಲ್ಲಿ 5 ಡಾಲರ್ ಕೊಡಿ, ಏನೂ ಕೊಡುವುದಿಲ್ಲ ಅಂದರು. 71,000 ಡಾಲರಿಗೂ ಹೆಚ್ಚು ಬಂತು. 2016ರಲ್ಲಿ ನೀವು ದುಡ್ಡು ಹಾಕುವವರೆಗೂ ಒಂದು ಗುಂಡಿ ತೋಡುತ್ತಲೇ ಇರುತ್ತೇವೆ ಅಂದರು. ಒಂದು ಲಕ್ಷ ಡಾಲರ್ ದಾಟಿತು. ಈ ದುಡ್ಡನ್ನು ದಾನ ಮಾಡಬಾರದಿತ್ತಾ ಅಂತ ಕೇಳಿದವರಿಗೆ, ದುಡ್ಡು ನಿಮ್ಮದು, ನೀವೇ ಮಾಡಬಹುದಿತ್ತಲ್ಲ ಅನ್ನುವ ಧಾಟಿಯ ಉತ್ತರ ಸಿಕ್ಕಿತು.

ಆದರೂ ನನ್ನ ವೋಟು ಫೆಸ್ಟಿವಸ್‌ಗೇ. ಕಾರಣ ಆ ದೂರು ಹೇಳುವ ಶಾಸ್ತ್ರ. ನಮ್ಮ ಕಡೆ ಹಬ್ಬಕ್ಕೆ ಬಂದ ನೆಂಟರು ದೂರನ್ನು ಹೊಟ್ಟೆಯಲ್ಲಿಟ್ಟುಕೊಂಡು ನಗುತ್ತಾ ಊಟ ಮಾಡುತ್ತಾರೆ. ಹೊರಟವರು ಮುಂದಿನ ನೆಂಟರ ಮನೆಯಲ್ಲಿ ಕೂತು ಎಲ್ಲ ಬಿಚ್ಚುತ್ತಾರೆ. ಅದು ಸುತ್ತಿ ಸುತ್ತಿ ನಮ್ಮ ಮನೆಗೆ ಬರುವ ಹೊತ್ತಿಗೆ ಒಂದಕ್ಕೆ ನಾಲ್ಕು ಸೇರಿರುತ್ತದೆ. ಇಲ್ಲಿ ಎದುರಿಗೇ ಹೇಳಿ ಮುಗಿಸಿಬಿಡುತ್ತಾರೆ, ಅಲ್ವಾ?

ಈ ಸಲ ನಾವೂ ಕೆಲವು ಕನ್ನಡದ ಮನೆಯವರು ಸೇರುತ್ತಿದ್ದೇವೆ. ಕಂಬ ಕೊಳ್ಳುವುದಿಲ್ಲ. ಬಚ್ಚಲುಮನೆಯ ಪರದೆ ಹಾಕುವ ಸರಳನ್ನೇ ಬಿಚ್ಚಿ ನಿಲ್ಲಿಸುವುದು ಅಂತ ತೀರ್ಮಾನ. ಊಟಕ್ಕೆ ಬಿಸಿಬೇಳೆಬಾತ್.

ನಿನ್ನ ಮೇಲಿನ ದೂರನ್ನು ಈಗಲೇ ಹೇಳಿಬಿಡುತ್ತೇನೆ. ನನ್ನ ಮದುವೆ ಊಟದಲ್ಲಿ ಉಪ್ಪಿನಕಾಯಿ ಒಂದು ಬಿಟ್ಟು ಯಾವುದೂ ಸರಿಯಿರಲಿಲ್ಲ ಅಂತ ಸಾಗರ ಪೇಟೆಯ ತುಂಬಾ ಹೇಳಿಕೊಂಡು ಬಂದೆಯಂತೆ. ಆ ಅಪ್ಪೆಮಿಡಿ ನಿಮ್ಮ ಮನೆಯಿಂದಲೇ ಬಂದದ್ದು, ಗೊತ್ತಿದ್ದೇ ಹೇಳಿದೆಯಲ್ಲ, ಕಳ್ಳ! ನಿನ್ನ ಪಟ್ಟಿಯನ್ನು 23ರ ಒಳಗೆ ಕಳಿಸು. ಇಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸುತ್ತೇನೆ. ಕುಸ್ತಿಗೆ ಮಾತ್ರ ನಾನೇ ಊರಿಗೆ ಬರುತ್ತೇನೆ.

ಇತಿ ನಿನ್ನ
ಗೆಳೆಯ