ಪುಟ್ಟನಿಗೆ, ಮಳೆ ಹಿಡಿಯುವ ಮುನ್ನ

ಮೂಡಿಗೆರೆ

ಚಿ. ಪುಟ್ಟನಿಗೆ ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು.

ಈ ಕಡೆ ಎಲ್ಲರೂ ಕ್ಷೇಮ. ಚಿಕ್ಕಪ್ಪನ ಮಂಡಿನೋವು ಇಳಿದಿದೆ. ಕಾಫಿ ಹೂವರಳಿಸುವ ಹೂಮಳೆ ಈ ಸಲ ಹೊತ್ತಿಗೆ ಸರಿಯಾಗಿ ಬಂತು.

ನೀನು ಕಳುಹಿಸಿದ ಸ್ಕ್ರಿಪ್ಟನ್ನು, ಕಡತಗಳನ್ನು ತಾನಾಗಿ ಇಳಿಸುವ ಆ ಚಿಕ್ಕ ಪ್ರೋಗ್ರಾಮನ್ನು, ಎರಡು ಸಲ ಓದಿದೆ. ಸಕಲೇಶಪುರದ ಕಡೆ ಮಳೆ ಹಿಡಿದರೆ ಮರ ಬಿದ್ದು ಇಂಟರ್‌ನೆಟ್ ದಿನಗಟ್ಟಲೆ ಇರುವುದಿಲ್ಲ. ಅದಕ್ಕೆ ಮೊದಲೇ ಕೋಡ್ ಬರೆಯುವ ಎಡಿಟರ್ ಆದ ವಿಎಸ್ ಕೋಡ್‌ನ ಎಕ್ಸ್‌ಟೆನ್ಷನ್‌ಗಳನ್ನು, ಎಂದರೆ ಅದಕ್ಕೆ ಜೋಡಿಸುವ ಹೆಚ್ಚುವರಿ ಸೌಲಭ್ಯಗಳನ್ನು, ಇಳಿಸಿಕೊಂಡು, ಪೆನ್‌ಡ್ರೈವ್‌ನಲ್ಲಿ ಶಾಲೆಯ ಕಂಪ್ಯೂಟರ್ ಕೊಠಡಿಗೆ ಒಯ್ಯುವ ನಿನ್ನ ಯೋಚನೆ ಒಳ್ಳೆಯದು. ಆದರೆ ನಿನ್ನ ಸ್ಕ್ರಿಪ್ಟು ಅವು ಸಿಗುವ ಮೈಕ್ರೋಸಾಫ್ಟ್‌ನ ಆನ್‌ಲೈನ್ ಮಾರುಕಟ್ಟೆಯಲ್ಲಿ ಮುಂಚೂಣಿಯಲ್ಲಿರುವ ಮುನ್ನೂರನ್ನು ಒಂದೇ ಸಮನೆ ಬಾಚುತ್ತದೆ. ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಕಾಫಿಯ ರೆಂಬೆ ಹಿಡಿದು ಹಣ್ಣು ಕಾಯಿ ಎನ್ನದೆ ಬಾಚಿದರೆ ಚೀಲ ಬೇಗ ತುಂಬುತ್ತದೆ ನಿಜ, ಕಣದಲ್ಲಿ ಕುಳಿತು ಆರಿಸುವವರ ಪಾಡೇನು? ನಿನ್ನ ಮಕ್ಕಳಿಗೆ ಬೇಕಾದದ್ದು ಆರೋ ಏಳೋ. ಅವುಗಳ ಹೆಸರನ್ನು ನೀನೇ ಒಂದು ಕಡತದಲ್ಲಿ ಬರೆ, ಸ್ಕ್ರಿಪ್ಟು ಅದನ್ನು ಮಾತ್ರ ಓದಲಿ.

ಎಕ್ಸ್‌ಟೆನ್ಷನ್ ಒಂದು ಪೂರ್ಣ ಪ್ರೋಗ್ರಾಮು, ಪುಟ್ಟ. ಎಡಿಟರ್‌ಗೆ ಇರುವ ಅಧಿಕಾರವೆಲ್ಲ ಅದಕ್ಕೂ ಇದೆ. ಮಗುವಿನ ಕಡತಗಳನ್ನು ಓದಬಲ್ಲದು, ತಿದ್ದಬಲ್ಲದು, ಇನ್ನೊಂದು ಪ್ರೋಗ್ರಾಮನ್ನು ಓಡಿಸಬಲ್ಲದು. ಹೆಸರಾಂತ ಎಕ್ಸ್‌ಟೆನ್ಷನ್‌ನ ಹೆಸರು, ಚಿತ್ರ ಎರಡನ್ನೂ ನಕಲು ಮಾಡಿ ಮಾರುಕಟ್ಟೆಗೆ ಬಿಟ್ಟವರಿದ್ದಾರೆ. ಆದ್ದರಿಂದ ಪೂರ್ಣ ಗುರುತನ್ನೇ ಬರೆದುಕೊ: ಮೊದಲು ಪ್ರಕಾಶಕರ ಹೆಸರು, ನಡುವೆ ಚುಕ್ಕೆ, ಆಮೇಲೆ ಎಕ್ಸ್‌ಟೆನ್ಷನ್ ಹೆಸರು. ಜೊತೆಗೆ ಆವೃತ್ತಿಯ ಸಂಖ್ಯೆ. ಪ್ರಕಾಶಕರ ಪಕ್ಕದ ನೀಲಿ ಗುರುತನ್ನು ಕಂಡು ಮೈಮರೆಯಬೇಡ. ಅವರು ತೋರಿಸಿದ ಜಾಲತಾಣದ ವಿಳಾಸ ಅವರದೇ ಎಂದಷ್ಟೇ ಅದು ಹೇಳುತ್ತದೆ, ಒಳಗಿನ ಕೋಡ್ ಶುದ್ಧವೆಂದು ಹೇಳುವುದಿಲ್ಲ.

ಇನ್ನು ನಾನು ಕೆಟ್ಟು ಕಲಿತದ್ದನ್ನು ಹೇಳುತ್ತೇನೆ. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ ನಾನೂ ಹೀಗೆಯೇ, ಇಂಟರ್‌ನೆಟ್‌ನಿಂದ ಕಡತ ಇಳಿಸುವ ಕರ್ಲ್ ಎಂಬ ಸಾಧನ ಬಳಸಿ ಸ್ಕ್ರಿಪ್ಟು ಬರೆದಿದ್ದೆ. ರಾತ್ರಿ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಎಲ್ಲ ಕಡತಗಳೂ ಎಕ್ಸ್‌ಟೆನ್ಷನ್ ಕಡತದ ಹೆಸರಿನ ಕೊನೆಗಿರುವ ವಿಎಸ್‌ಐಎಕ್ಸ್ ಎಂಬ ಬಾಲ ಹೊತ್ತು ಸಾಲಾಗಿ ನಿಂತಿದ್ದವು. ಪ್ರಾಯೋಗಿಕ ಪರೀಕ್ಷೆಯ ದಿನ ಅರ್ಧಕ್ಕರ್ಧ ಅನುಸ್ಥಾಪನೆಯೇ ಆಗಲಿಲ್ಲ. ಬಿಚ್ಚಿ ನೋಡಿದರೆ ಕೆಲವು ಕಡತಗಳಲ್ಲಿ ಇದ್ದದ್ದು ಸರ್ವರ್ ಕಳುಹಿಸಿದ ದೋಷದ ಸಂದೇಶ. ಕರ್ಲ್ ಅದನ್ನೇ ನಾನು ಕೊಟ್ಟ ಹೆಸರಿನಲ್ಲಿ ಉಳಿಸಿತ್ತು. ಉಳಿದವು ಜಿಜಿಪ್ ಎಂಬ ವಿಧಾನದಲ್ಲಿ ಕುಗ್ಗಿ ಬಂದಿದ್ದವು, ನಾನು ಹಿಗ್ಗಿಸಿರಲಿಲ್ಲ. ಮಕ್ಕಳು ಕೈಕಟ್ಟಿ ಕುಳಿತಿದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ನೀನು ‘ಫೇಲ್’ ಮತ್ತು ‘ಕಂಪ್ರೆಸ್ಡ್’ ಎಂಬ ಎರಡು ಆಯ್ಕೆಗಳನ್ನು ಕರ್ಲ್‌ಗೆ ತಪ್ಪದೆ ಕೊಡು. ಮೊದಲನೆಯದಿದ್ದರೆ ದೋಷ ಬಂದಾಗ ಕಡತ ಉಳಿಯದೆ ಆದೇಶವೇ ಸೋಲುತ್ತದೆ, ಎರಡನೆಯದು ಕುಗ್ಗಿದ್ದನ್ನು ಹಿಗ್ಗಿಸುತ್ತದೆ. ವಿಎಸ್‌ಐಎಕ್ಸ್ ಎಂಬುದು ಒಳಗೆ ಹಲವು ಕಡತಗಳನ್ನು ಒಂದಾಗಿ ಕಟ್ಟಿದ ಜಿಪ್ ಕಡತವೇ. ಅದರ ಮೊದಲ ಎರಡು ಅಕ್ಷರ ‘ಪಿಕೆ’ ಆಗಿರಬೇಕು. ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಸ್ಕ್ರಿಪ್ಟು ಪ್ರತಿ ಕಡತದಲ್ಲೂ ಅದನ್ನು ನೋಡಿ, ಇಲ್ಲದಿದ್ದರೆ ಅಲ್ಲೇ ನಿಂತು ಕೂಗಲಿ. ಕಡತದ ಬೆರಳಚ್ಚಿನಂತಿರುವ ಶಾ 256 ಮೊತ್ತವನ್ನೂ ಬರೆದಿಟ್ಟುಕೊಂಡರೆ ಪೆನ್‌ಡ್ರೈವ್‌ನಲ್ಲಿ ಕೆಟ್ಟದ್ದು ಕೊಠಡಿಯಲ್ಲೇ ತಿಳಿಯುತ್ತದೆ.

ಒಂದಾದ ಮೇಲೊಂದು ಇಳಿಸು, ನಡುವೆ ಕೆಲವು ಕ್ಷಣ ಬಿಡು. ಸರ್ವರ್ 429 ಎಂದು ಉತ್ತರಿಸಿದರೆ ‘ನಿಧಾನಿಸು’ ಎಂದರ್ಥ. ಆಗ ಮತ್ತೆ ಮತ್ತೆ ಬಾಗಿಲು ಬಡಿಯುವುದು ಸಭ್ಯತೆಯಲ್ಲ.

ಹಳೆಯ ಯಂತ್ರಗಳಿಗೆ ವಿಎಸ್ ಕೋಡ್‌ನದೇ ಮುಕ್ತ ರೂಪವಾದ ವಿಎಸ್‌ಕೋಡಿಯಂ ಹಾಕಿದ್ದೇನೆ ಎಂದು ಬರೆದಿದ್ದೀಯೆ. ಹಾಗಾದರೆ ಅವುಗಳಿಗೆ ಮೈಕ್ರೋಸಾಫ್ಟ್ ಮಾರುಕಟ್ಟೆಯಿಂದ ಒಯ್ಯಬೇಡ. ಅಲ್ಲಿನವನ್ನು ತಮ್ಮ ವಿಷುಯಲ್ ಸ್ಟುಡಿಯೊ ಬಳಗದ ಉತ್ಪನ್ನಗಳಲ್ಲಿ ಮಾತ್ರ ಬಳಸಬೇಕೆಂಬುದು ಅವರ ಷರತ್ತು. ಎಕ್ಲಿಪ್ಸ್ ಫೌಂಡೇಷನ್ ನಡೆಸುವ ಓಪನ್ ವಿಎಸ್‌ಎಕ್ಸ್ ಎಂಬ ಮುಕ್ತ ಮಾರುಕಟ್ಟೆ ಇದೆ, ಅಲ್ಲಿಂದ ತೆಗೆದುಕೊ, ಅಲ್ಲಿಲ್ಲದ್ದನ್ನು ಬಿಟ್ಟುಬಿಡು. ಮಕ್ಕಳಿಗೆ ಪಾಠ ಹೇಳುವ ಕೊಠಡಿಯಲ್ಲಿ ಷರತ್ತು ಮೀರುವುದು ನನಗೆ ಸಮ್ಮತವಿಲ್ಲ.

ಪ್ರತಿ ಎಕ್ಸ್‌ಟೆನ್ಷನ್‌ನ ಒಳಗಿರುವ ಪ್ಯಾಕೇಜ್ ಡಾಟ್ ಜೇಸನ್ ಎಂಬ ವಿವರದ ಕಡತ ತೆರೆದು ಓದು. ಎಡಿಟರ್‌ನ ಯಾವ ಆವೃತ್ತಿ ಬೇಕು, ಬೇರೆ ಯಾವ ಎಕ್ಸ್‌ಟೆನ್ಷನ್ ಜೊತೆಗಿರಬೇಕು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಇಂಟರ್‌ನೆಟ್ ಇಲ್ಲದ ಕಡೆ ಆ ಜೊತೆಗಾರನನ್ನು ಹುಡುಕಿ ತರುವವರು ಯಾರೂ ಇರುವುದಿಲ್ಲ. ಕೆಲವು ಎಕ್ಸ್‌ಟೆನ್ಷನ್‌ಗಳು ಲಿನಕ್ಸ್‌ಗೆ ಬೇರೆ, ವಿಂಡೋಸ್‌ಗೆ ಬೇರೆ ಬರುತ್ತವೆ, ಗಮನಿಸು. ಇನ್ನೊಂದು: ವಿಎಸ್‌ಐಎಕ್ಸ್ ಕಡತದಿಂದ ಹಾಕಿದ್ದು ತಾನಾಗಿ ನವೀಕರಣಗೊಳ್ಳುವುದಿಲ್ಲ. ದೋಷ ಸರಿಪಡಿಸಿದ ಹೊಸ ಆವೃತ್ತಿ ಬಂದಾಗ ತಂದು ಹಾಕುವ ಹೊಣೆ ನಿನ್ನದೇ. ಮಳೆ ನಿಂತ ಮೇಲೆ, ದಸರಾ ರಜೆಯಲ್ಲಿ ಒಂದು ದಿನ ಅದಕ್ಕೆಂದೇ ಇಟ್ಟುಕೊ.

ಮುಂದಿನ ಭಾನುವಾರ ಬರುವಾಗ ಆ ಏಳು ಹೆಸರಿನ ಪಟ್ಟಿಯನ್ನು ತಾ, ಇಬ್ಬರೂ ಕುಳಿತು ನೋಡೋಣ. ನನ್ನ ಹಳೆಯ ಲ್ಯಾಪ್‌ಟಾಪ್‌ನ ಇಂಟರ್‌ನೆಟ್ ಕಳಚಿ ಮೊದಲು ಅದರಲ್ಲೇ ಹಾಕಿ ಪರೀಕ್ಷಿಸಬಹುದು. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಪ್ರೀತಿಯ
ಚಿಕ್ಕಮ್ಮ