ಗೊಬ್ಬರದ ಚೀಲದ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬೇಕು

ಮಾನ್ಯರೇ,

ತಾರಸಿಯಲ್ಲಿ ಮಲ್ಲಿಗೆ ಬೆಳೆಸುವವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಶಂಕರಪುರದ ಆಸುಪಾಸಿನಲ್ಲಿ ಈಗ ಹಿತ್ತಿಲು ಇಲ್ಲದವರೂ ಚಟ್ಟಿಯಲ್ಲಿ ಮಲ್ಲಿಗೆ ನೆಡುತ್ತಿದ್ದಾರೆ. ನಾನೂ ಹಾಗೆ ಬೆಳೆಸುವವಳೇ. ಮೊದಲಿನ ಹಾಗೆ ಸುಡುಮಣ್ಣು, ಹಟ್ಟಿಗೊಬ್ಬರ ಎಲ್ಲರಿಗೂ ಸಿಗುವುದಿಲ್ಲ. ಹಾಗಾಗಿ ಪಾಟಿಂಗ್ ಮಿಕ್ಸ್ (ಚಟ್ಟಿ ತುಂಬಿಸಲು ಸಿದ್ಧ ಮಾಡಿದ ಮಣ್ಣಿನ ಮಿಶ್ರಣ), ಎರೆಹುಳು ಗೊಬ್ಬರದ ಚೀಲ ತರುತ್ತೇವೆ. ಗಿಡಕ್ಕೆ ಎಷ್ಟು ಹಾಕಬೇಕೆಂದು ಅಂಗಡಿಯವರು ಹೇಳುತ್ತಾರೆ. ಚೀಲ ಬಿಚ್ಚುವವರು ಏನು ಜಾಗ್ರತೆ ಮಾಡಬೇಕೆಂದು ಯಾರೂ ಹೇಳುವುದಿಲ್ಲ.

ನನ್ನ ತಂಗಿ ನ್ಯೂಜಿಲೆಂಡ್‌ನಲ್ಲಿದ್ದಾಳೆ. ಅಲ್ಲಿ ಈ ಚೀಲಗಳ ಮೇಲೆಯೇ ಆರೋಗ್ಯದ ಎಚ್ಚರಿಕೆ ಇರುತ್ತದೆ. ಕಾರಣ, ಲೀಜಿಯೊನೆಲ್ಲಾ ಲಾಂಗ್‌ಬೀಚೇ ಎಂಬ ಬ್ಯಾಕ್ಟೀರಿಯಾ. ಕಾಂಪೋಸ್ಟ್ ಮತ್ತು ಚೀಲದ ಮಣ್ಣಿನಲ್ಲಿ ಇದು ಇರಬಹುದು. ಧೂಳಿನ ಜೊತೆ ಉಸಿರಿಗೆ ಹೋದರೆ ನ್ಯುಮೋನಿಯಾ ಬರಬಹುದು. 1980ರ ದಶಕದ ಕೊನೆಗೆ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಇದರಿಂದ ಹಲವರು ಕಾಯಿಲೆ ಬಿದ್ದಾಗ ಮೂಲ ಪಾಟಿಂಗ್ ಮಿಕ್ಸ್ ಎಂದು ಗೊತ್ತಾಯಿತು. ವಯಸ್ಸಾದವರು, ಸಿಗರೇಟು ಸೇದುವವರು, ಶ್ವಾಸಕೋಶದ ತೊಂದರೆ ಇರುವವರಿಗೆ ಅಪಾಯ ಜಾಸ್ತಿ.

ಅದು ಅಲ್ಲಿನ ಮಾತು, ನಮಗೇನು ಎಂದು ಬಿಡುವ ಹಾಗಿಲ್ಲ. ನಮ್ಮ ಕರಾವಳಿಯ ಮಣ್ಣಿನಿಂದಲೂ ಬರುವ ಒಂದು ಕಾಯಿಲೆ ಇದೆ, ಮೆಲಿಯಾಯ್ಡೋಸಿಸ್. ಮಣಿಪಾಲದ ವೈದ್ಯರು ಎಷ್ಟೋ ವರ್ಷಗಳಿಂದ ಇದರ ಬಗ್ಗೆ ಹೇಳುತ್ತಾ ಬಂದಿದ್ದಾರೆ. ಒದ್ದೆ ಮಣ್ಣಿನ ಬ್ಯಾಕ್ಟೀರಿಯಾ ಗಾಯದ ಮೂಲಕ ಮೈಗೆ ಸೇರುತ್ತದೆ. ಮಳೆಗಾಲದಲ್ಲಿ ಜಾಸ್ತಿ, ಶುಗರ್ ಇದ್ದವರಿಗೆ ಇನ್ನೂ ಜಾಸ್ತಿ. ನಮ್ಮ ಪಕ್ಕದ ಮನೆಯ ಮಾವನಿಗೆ ಶುಗರ್ ಇದೆ, ಹಿಮ್ಮಡಿ ಒಡೆದು ಸೀಳು ಬಿಟ್ಟಿದೆ. ಆ ಕಾಲಲ್ಲೇ ಚಪ್ಪಲಿ ಇಲ್ಲದೆ ಗೊಬ್ಬರದ ರಾಶಿಯ ಮೇಲೆ ಕೂತು ಚಟ್ಟಿ ತುಂಬಿಸುತ್ತಾರೆ. ನೋಡುವಾಗ ನನಗೆ ಎದೆ ಝಲ್ ಎನ್ನುತ್ತದೆ.

ಚೀಲ ಬಿಚ್ಚುವುದನ್ನೇ ನೋಡಿ. ಬಾಯಿಗೆ ಹಾಕಿದ ಹೊಲಿಗೆಯ ದಾರ ಸರ್ರೆಂದು ಎಳೆದು, ಮುಖದ ಹತ್ತಿರವೇ ಚೀಲ ಕೊಡವುತ್ತೇವೆ ಅಲ್ವಾ? ತಗಡಿನ ಶೀಟಿನ ಅಡಿ ಬಿಸಿಲಿಗೆ ಒಣಗಿದ ಗೊಬ್ಬರವಾದರೆ ಕಪ್ಪು ಪುಡಿ ನೇರ ಮೂಗಿಗೇ ಏಳುತ್ತದೆ. ನಾನು ಚೀಲವನ್ನು ನೆರಳಲ್ಲಿ ಇಡುತ್ತೇನೆ. ಗಾಳಿಯಾಡುವ ಕಡೆ ನೆಲದ ಮೇಲಿಟ್ಟು, ಮುಖ ದೂರ ಮಾಡಿ, ಕತ್ತರಿಯಲ್ಲಿ ಬಾಯಿ ಕತ್ತರಿಸುತ್ತೇನೆ. ಕೈಯಿಂದ ನೀರು ಚಿಮುಕಿಸಿ, ಗೊಬ್ಬರ ಒದ್ದೆಯಾದ ಮೇಲೆಯೇ ಕರಣೆ ಹಾಕಿ ತೆಗೆಯುತ್ತೇನೆ. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟರೆ ಆಗಲೂ ಗೊಬ್ಬರ ಹಾರುತ್ತದೆ. ಮೂಗಿಗೆ ಸೆರಗು ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಕೈಗವಸು, ಕಾಲಿಗೆ ಗಮ್ ಬೂಟ್ ಇದ್ದರೆ ಒಳ್ಳೆಯದು. ಗಾಯವಿದ್ದರೆ ಮೊದಲು ಮುಚ್ಚಬೇಕು. ಕೆಲಸದ ನಡುವೆ ಎಲೆಯಡಿಕೆ ಹಾಕಿಕೊಳ್ಳುವವರು ಇದನ್ನು ದಯವಿಟ್ಟು ನೆನಪಿಡಿ: ಸೋಪು ಹಾಕಿ ಕೈ ತೊಳೆಯದೆ ಬಾಯಿಗೆ ಕೈ ಬೇಡ.

ಮಣ್ಣಿನ ಕೆಲಸದ ನಂತರ ಜ್ವರ, ಕೆಮ್ಮು, ಉಸಿರಾಟದ ಕಷ್ಟ ಬಂದರೆ ಸುಮ್ನೆ ಮಾತ್ರೆ ನುಂಗಿ ಕೂರಬಾರದು. ಗೊಬ್ಬರ ಮುಟ್ಟಿದ್ದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಲೀಜಿಯೊನೆಲ್ಲಾಕ್ಕೆ ಪೆನಿಸಿಲಿನ್ ಜಾತಿಯ ಔಷಧಿ ತಾಗುವುದಿಲ್ಲ. ಮೆಲಿಯಾಯ್ಡೋಸಿಸ್ ನೋಡಲು ಕ್ಷಯದ ಹಾಗೇ ಕಾಣಬಹುದು. ನಾವು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಚೀಲ ತಯಾರಿಸುವವರು ಈ ಎಚ್ಚರಿಕೆಯನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಅಚ್ಚು ಹಾಕಿಸಲಿ. ಅಲ್ಲಿಯವರೆಗೆ ನರ್ಸರಿಯವರು ಒಂದು ಚೀಟಿಯನ್ನಾದರೂ ಚೀಲದ ಜೊತೆ ಕೊಡಬಹುದು. ಮಂಗಳೂರಿನ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಬರುವ ಜನರಿಗೆ ತೋಟಗಾರಿಕೆ ಇಲಾಖೆಯವರು ಚೀಲ ಜಾಗ್ರತೆಯಿಂದ ಬಿಚ್ಚುವುದನ್ನು ಮಾಡಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಮಲ್ಲಿಗೆ ಬೆಳೆಗಾರ್ತಿ, ಕಟಪಾಡಿ, ಉಡುಪಿ